ಕಲ್ಲುನಾಡಿನಿಂದ ಕಡಲದ್ವೀಪಕ್ಕೆ

ವಾಡಿ ಜಂಕ್ಷನ್ನಿನಲ್ಲಿ ರೈಲಿನ ದಾರಿ ಕಾಯುತ್ತ ನಿಂತವನಿಗೆ ಕಡಲಿನ ನೆನಪಾಗಲು ಕಾರಣವೇ ಇಲ್ಲ. ಕಾದ ಹಳಿಗಳು, ಸಿಮೆಂಟ್ ಕಾರ್ಖಾನೆಯ ಚಿಮಣಿ, ಅದರಾಚೆ ತೊಗರಿಯ ಹೊಲಗಳು: ಕಣ್ಣು ಹಾಯುವವರೆಗೆ ಇಷ್ಟೇ. ಆದರೂ ಅವನು ನಿಂತಿರುವುದು ಒಂದು ಪುರಾತನ ಸಮುದ್ರದ ತಳದ ಮೇಲೆಯೇ ಎಂದರೆ ಅತಿಶಯೋಕ್ತಿಯಲ್ಲ.

ಶಹಾಬಾದ, ಚಿತ್ತಾಪುರ, ಸೇಡಂಗಳ ಮನೆಯಂಗಳದಲ್ಲಿ ಹಾಸಿರುವ ಫರಸಿ ಸುಣ್ಣದ ಕಲ್ಲು. ಅರವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲೊಂದು ಹರಡಿಕೊಂಡಿತ್ತು. ಅದರ ತಳದಲ್ಲಿ ಪದರಪದರವಾಗಿ ಇಳಿದ ಸುಣ್ಣದ ಕೆಸರೇ ಕಾಲಾಂತರದಲ್ಲಿ ಗಟ್ಟಿಯಾಗಿ ಕಲ್ಲಾಯಿತು. ಆದುದರಿಂದಲೇ ಖಣಿಯ ಕೆಲಸಗಾರನು ಉಳಿಯನ್ನು ಇಟ್ಟು ಸುತ್ತಿಗೆಯಿಂದ ಹೊಡೆದೊಡನೆ ಬಂಡೆಯು ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಚಿಪ್ಪುಳ್ಳ ಪ್ರಾಣಿಗಳು ಭೂಮಿಯಲ್ಲಿ ಹುಟ್ಟುವುದಕ್ಕೂ ಮೊದಲಿನ ಕಡಲದು. ಅದರ ಕಲ್ಲಿನಲ್ಲಿ ಶಂಖವಿಲ್ಲ, ಕಪ್ಪೆಚಿಪ್ಪಿಲ್ಲ.

ಹೀಗೆ ಕಡಲತಳವನ್ನೇ ಬಗೆದು ಬದುಕುವ ಈ ನಾಡಿನಲ್ಲಿ ಕಡಲನ್ನು ಕಣ್ಣಾರೆ ಕಾಣದ ಹಿರಿಯರು ಎಷ್ಟೋ ಮಂದಿ. ಹಣವುಳ್ಳವರು ಕೆರಿಬಿಯನ್ ಸಮುದ್ರದ ಆಂಟಿಗಾ ದ್ವೀಪದವರೆಗೂ ವಿಹಾರಕ್ಕೆ ಹೋಗುತ್ತಾರೆ. ವರ್ಷದ ದಿನಕ್ಕೊಂದರಂತೆ ತಮ್ಮಲ್ಲಿ ೩೬೫ ಕಡಲತೀರಗಳಿವೆಯೆಂಬುದು ಅಲ್ಲಿನವರ ಹೆಮ್ಮೆಯ ಮಾತು. ಹಾಯಿದೋಣಿಗಳ ಪಂದ್ಯಕ್ಕೂ ಆ ದ್ವೀಪ ಹೆಸರಾಗಿದೆ. ವಿಚಿತ್ರವೆಂದರೆ, ಆಂಟಿಗಾದ ಈಶಾನ್ಯ ಭಾಗ ಸುಣ್ಣದ ಕಲ್ಲಿನದು, ನೈಋತ್ಯ ಭಾಗ ಜ್ವಾಲಾಮುಖಿಯ ಕಲ್ಲಿನದು. ನದಿಗಳಿಲ್ಲದ ಅಲ್ಲಿನವರಿಗೂ ಬರಗಾಲದ ಪರಿಚಯ ಚೆನ್ನಾಗಿದೆ. ಶಹಾಬಾದದ ಸುಣ್ಣಕಲ್ಲನ್ನೂ ಚಿಂಚೋಳಿಯ ಕಡೆಯ ಕಪ್ಪುಕಲ್ಲನ್ನೂ ಬಲ್ಲವನಿಗೆ ಆ ನೆಲ ತೀರ ಅಪರಿಚಿತವೆನಿಸಲಾರದು.

ಆದರೆ ಅಷ್ಟು ದೂರ ಹೋಗಲಾರದವನು ನಿರಾಶನಾಗಬೇಕಾಗಿಲ್ಲ. ಕನ್ನಡನಾಡಿನ ಪಶ್ಚಿಮದಂಚಿನಲ್ಲಿ, ಉಡುಪಿಗೆ ಸಮೀಪದ ಮಲ್ಪೆಯ ಬಂದರಿನಿಂದ ದೋಣಿ ಹತ್ತಿದರೆ, ತುಸು ಹೊತ್ತಿನಲ್ಲಿಯೇ ತೆಂಗಿನ ಮರಗಳ ಸಾಲು ಕಡಲಿನಿಂದ ಮೇಲೆದ್ದಂತೆ ಕಾಣಿಸುತ್ತದೆ. ಅದೇ ಸೇಂಟ್ ಮೇರೀಸ್ ದ್ವೀಪ; ಸ್ಥಳೀಯರ ಮಾತಿನಲ್ಲಿ ತೋನ್ಸೆಪಾರ್. ೧೪೯೮ರಲ್ಲಿ ಪೋರ್ತುಗೀಸ್ ನಾವಿಕ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಮೇರಿಮಾತೆಯ ಹೆಸರನ್ನು ಇಟ್ಟನೆಂದು ಪ್ರತೀತಿ.

ಇಲ್ಲಿಗೆ ಬಂದ ಕಲ್ಲುನಾಡಿನವನ ಕಣ್ಣು ಮೊದಲು ಹೋಗುವುದು ಅಲೆಗಳ ಕಡೆಗಲ್ಲ, ಕಲ್ಲುಗಳ ಕಡೆಗೆ. ಯಾರೋ ಶಿಲ್ಪಿಗಳು ಅಳತೆ ಹಿಡಿದು ಕಡೆದು ನಿಲ್ಲಿಸಿದರೋ ಎಂಬಂತೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಆದರೆ ಇವುಗಳಿಗೆ ಯಾರ ಉಳಿಯೂ ತಾಕಿಲ್ಲ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಯುಗದಲ್ಲಿ, ಸುಮಾರು ಎಂಟೂವರೆ ಕೋಟಿ ವರ್ಷಗಳ ಹಿಂದೆ, ಉಕ್ಕಿ ಬಂದ ಲಾವಾ ಆರುವಾಗ ಕುಗ್ಗಿತು. ಕೆರೆಯ ಕೆಸರು ಬಿಸಿಲಿಗೆ ಬಿರಿಯುವಂತೆ ಬಿರಿದು ಕಂಬಗಳಾಯಿತು. ಅವನ ಅಂಗಳದ ಕಲ್ಲು ನೀರಿನ ಸೃಷ್ಟಿ; ಈ ದ್ವೀಪದ ಕಲ್ಲು ಬೆಂಕಿಯ ಸೃಷ್ಟಿ. ಊರಿನ ಕಲ್ಲಿನಲ್ಲಿ ಸಿಗದ ಚಿಪ್ಪುಗಳು ಇಲ್ಲಿ ಕಾಲಿಟ್ಟಲ್ಲೆಲ್ಲ ರಾಶಿಬಿದ್ದಿವೆ.

ಈ ದ್ವೀಪದಲ್ಲಿ ಮಾಡುವುದಕ್ಕೆ ಕೆಲಸವೇನೂ ಇಲ್ಲ. ಅದೇ ಅದರ ದೊಡ್ಡ ಗುಣ. ಊರಿಲ್ಲ, ಇರುಳು ತಂಗಲು ಅವಕಾಶವಿಲ್ಲ. ಗಾಳಿಗೆ ಮೈಯೊಡ್ಡಿ, ಮರದ ನೆರಳಿನಲ್ಲಿ ಬುತ್ತಿಯ ಗಂಟು ಬಿಚ್ಚಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ವರ್ಷವಿಡೀ ಬಿಸಿಲಿನಲ್ಲಿ ದುಡಿದವನಿಗೆ ಸುಮ್ಮನೆ ಕುಳಿತುಕೊಳ್ಳುವುದೂ ಒಂದು ಹಕ್ಕೆಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಕಡಲು ಹೇಳಿಕೊಡುತ್ತದೆ.

ಆದರೆ ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ದೋಣಿಗಳು ದ್ವೀಪಕ್ಕೆ ಹೋಗುವುದಿಲ್ಲ. ಮಳೆ ನಿಂತು ಕಡಲು ಶಾಂತವಾದ ಮೇಲೆಯೇ ಹೊರಡಬೇಕು. ಪಾಚಿ ಹಿಡಿದ ಬಂಡೆ ಜಾರುತ್ತದೆ. ಕೆರೆ ಬಾವಿಗಳಲ್ಲಿ ಈಜು ಕಲಿತವನ ಧೈರ್ಯವನ್ನು ಕಡಲು ಲೆಕ್ಕಕ್ಕೆ ಇಡುವುದಿಲ್ಲ. ಕಲ್ಲು ಕೀಳುವುದು ಊರಿನಲ್ಲಿ ಹೊಟ್ಟೆಪಾಡು; ಇಲ್ಲಿ ಅದೇ ಅಪರಾಧ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಇಷ್ಟಾದರೂ ಬಿಡುವಿಲ್ಲದವರಿಗೆ ಚಿಂಚೋಳಿಯ ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯವುಂಟು. ಗುಡ್ಡಗಳ ಮಧ್ಯದ ಆ ನೀರಿನೆದುರು ಒಂದು ಸಂಜೆ ಕುಳಿತರೂ ಮನಸ್ಸು ಹಗುರಾದೀತು.

ಆದರೂ ಜೀವಮಾನದಲ್ಲಿ ಒಮ್ಮೆ ಕಡಲನ್ನು ಕಾಣಬೇಕು. ಕಂಡು ಮರಳಿದವನು ಬೇಸಿಗೆಯ ರಾತ್ರಿ ಅಂಗಳದ ಫರಸಿಗೆ ನೀರು ಚಿಮುಕಿಸಿ ಮಲಗಿದಾಗ, ಬೆನ್ನಿಗೆ ತಾಗುವ ತಂಪು ಎಲ್ಲಿಂದ ಬಂದದ್ದೆಂಬುದನ್ನು ಮಕ್ಕಳಿಗೆ ಹೇಳಬಲ್ಲನು.