ಓಟದ ಮಕ್ಕಳೂ ವ್ಯಾಯಾಮದ ಮೇಷ್ಟರೂ

ಬಳ್ಳಾರಿಯ ಬಿಸಿಲನ್ನು ಕುರಿತು ಮಾತನಾಡುವವರಿಗೆ ಕೊರತೆಯಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಈ ಊರಿಗೆ ವರ್ಷವರ್ಷದ ವಾಡಿಕೆ. ಆದುದರಿಂದಲೇ ಇಲ್ಲಿ ಓಡುವವರು ಬೆಳಕು ಹರಿಯುವ ಮೊದಲೇ ಓಡುತ್ತಾರೆ. ಕೋಟೆಯ ಗುಡ್ಡ ಇನ್ನೂ ಕಪ್ಪು ನೆರಳಾಗಿ ನಿಂತಿರುವ ಹೊತ್ತಿನಲ್ಲಿ ಸುತ್ತಲಿನ ರಸ್ತೆಗಳಲ್ಲಿ ಹತ್ತಾರು ಜೊತೆ ಕಾಲುಗಳ ಸದ್ದು ಕೇಳಿಸುತ್ತದೆ. ಪೊಲೀಸ್ ಕೆಲಸದ ದೈಹಿಕ ಪರೀಕ್ಷೆಗೆ ಸಿದ್ಧವಾಗುತ್ತಿರುವವರು, ಸೈನ್ಯ ಸೇರಹೊರಟವರು, ಶಾಲಾ ಕ್ರೀಡಾಕೂಟದಲ್ಲಿ ಗೆಲ್ಲಬೇಕೆಂದಿರುವ ಹುಡುಗ ಹುಡುಗಿಯರು. ಇವರಲ್ಲಿ ಯಾರು ಎಷ್ಟು ವೇಗವಾಗಿ ಓಡುತ್ತಾರೆಂದು ಕೇಳುವವರುಂಟು. ಮುಂದಿನ ವರ್ಷವೂ ಇವರು ಓಡುವ ಸ್ಥಿತಿಯಲ್ಲಿರುವರೆ ಎಂದು ಕೇಳುವವರು ವಿರಳ.

ಈ ಎರಡನೆಯ ಪ್ರಶ್ನೆಯನ್ನು ಎತ್ತುವುದಕ್ಕೆ ನನಗೆ ಸ್ವಂತದ ಕಾರಣವೊಂದಿದೆ, ವಾಚಕರು ಮನ್ನಿಸಬೇಕು. ಬಾಲ್ಯದಲ್ಲಿ ನಾನೂ ಓಡುತ್ತಿದ್ದವನು. ತಾಲ್ಲೂಕು ಕೂಟದ ದಿನ ಹತ್ತಿರ ಬಂದಾಗ ನಮ್ಮ ಓಟವನ್ನು ಒಂದೇ ವಾರದಲ್ಲಿ ಎರಡು ಪಟ್ಟು ಮಾಡಲಾಯಿತು. ಬಲಗಾಲಿನ ಕಣಕಾಲೆಲುಬಿನಲ್ಲಿ ಸೂಜಿ ಚುಚ್ಚಿದಂಥ ನೋವು ಕಾಣಿಸಿಕೊಂಡಿತು. ಹೇಳಿದೆ. “ಗಂಡುಮಗ ಅಳಬಾರದು, ಓಡಿದರೆ ನೋವು ತಾನೇ ಬಿಡುತ್ತದೆ” ಎಂಬ ಉತ್ತರ ಬಂದಿತು. ಓಡಿದೆ. ನೋವು ಬಿಡಲಿಲ್ಲ, ಎಲುಬು ಬಿರುಕು ಬಿಟ್ಟಿತು. ಅಂದು ಹಾಗೆ ಹೇಳಿದವರನ್ನು ನಾನು ದೂಷಿಸಲಾರೆ. ಅವರ ಮೇಷ್ಟರು ಅವರಿಗೆ ಹೇಳಿಕೊಟ್ಟಿದ್ದೂ ಅದನ್ನೇ ಇರಬೇಕು. ಆದರೆ ನನ್ನ ಓಟ ಅಲ್ಲಿಗೆ ಮುಗಿಯಿತು.

ಎಲುಬು ಕಲ್ಲಲ್ಲ. ಅದು ದಿನವೂ ಸವೆದು ದಿನವೂ ಕಟ್ಟಿಕೊಳ್ಳುವ ಜೀವಂತ ವಸ್ತು. ಹೊಸ ಭಾರ ಬಿದ್ದಾಗ ದೇಹವು ಹಳೆಯ ಎಲುಬನ್ನು ಮೊದಲು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಈ ಎರಡು ಕೆಲಸಗಳ ನಡುವೆ ಕೆಲವು ವಾರಗಳ ಅಂತರವಿರುವುದರಿಂದ ಆ ಅವಧಿಯಲ್ಲಿ ಎಲುಬು ಮೊದಲಿಗಿಂತ ದುರ್ಬಲ. ಕೂಟಕ್ಕೆ ಮೂರು ವಾರವಿರುವಾಗ ಎಚ್ಚೆತ್ತು ಮಕ್ಕಳನ್ನು ದುಡಿಸುವ ನಮ್ಮ ಪದ್ಧತಿ ಸರಿಯಾಗಿ ಆ ದುರ್ಬಲ ಗಳಿಗೆಯಲ್ಲೇ ಪೆಟ್ಟು ಹಾಕುತ್ತದೆ. ಕಣಕಾಲಿನ ಒಳಬದಿಯಲ್ಲಿ ಅಂಗೈಯಗಲ ಹರಡಿದ ನೋವಾದರೆ ಓಟವನ್ನು ತಗ್ಗಿಸಿ ಕಾದು ನೋಡಬಹುದು. ಒಂದೇ ಬೆರಳಿನ ತುದಿಯಿಂದ ತೋರಿಸಬಹುದಾದ ನೋವಾದರೆ, ಅದರಲ್ಲೂ ರಾತ್ರಿ ಮಲಗಿದಾಗಲೂ ಕಾಡುವುದಾದರೆ, ಓಟ ನಿಲ್ಲಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. ಮೊದಲ ವಾರಗಳಲ್ಲಿ ಎಕ್ಸ್-ರೇ ಚಿತ್ರದಲ್ಲಿಯೂ ಬಿರುಕು ಕಾಣದೆ ಹೋಗಬಹುದೆಂಬುದನ್ನು ಮೇಷ್ಟರು ತಿಳಿದಿದ್ದರೆ, “ಚಿತ್ರದಲ್ಲಿ ಏನೂ ಇಲ್ಲವಂತೆ” ಎಂದು ಮರುದಿನವೇ ಮೈದಾನಕ್ಕೆ ಎಳೆಯುವುದಿಲ್ಲ.

ನಮ್ಮ ಹಿಂದಿನವರಿಗೆ ಈ ವಿವೇಕ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಗರಡಿಮನೆಯ ಉಸ್ತಾದನನ್ನು ನೋಡಿ. ಪೈಲ್ವಾನನಿಗೆ ಪಟ್ಟು ಹೇಳಿಕೊಡುವ ಮೊದಲು ಅವನು ಮಣ್ಣನ್ನು ಸಿದ್ಧಪಡಿಸುತ್ತಿದ್ದ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ ಅರಿಸಿನ ಬೆರೆಸಿ, ಬಿದ್ದವನ ಮೈ ನೋಯದಂತೆ ಹದಮಾಡುತ್ತಿದ್ದ. ಹೊಸ ಹುಡುಗನನ್ನು ತಿಂಗಳುಗಟ್ಟಲೆ ಬಸ್ಕಿ ದಂಡೆಗಳಲ್ಲಿಯೇ ಇರಿಸಿ, ಮೈ ಬಲಿತಮೇಲೆಯೇ ಕಣಕ್ಕಿಳಿಸುತ್ತಿದ್ದ. ಓಟದ ಮೈದಾನಕ್ಕೆ ಬಂದ ಕೂಡಲೇ ಈ ಸಂಯಮ ನಮಗೆ ಮರೆತುಹೋದದ್ದು ಹೇಗೆ? ಓಡುವುದಕ್ಕೆ ಕಲಿಯುವುದೇನಿದೆ ಎಂಬ ಭಾವನೆಯೇ ಇದಕ್ಕೆ ಮೂಲವೆಂದು ನನಗೆ ತೋರುತ್ತದೆ.

ನೆಲದ ಮಾತು ಬಂದುದರಿಂದ ಸಿರುಗುಪ್ಪದ ಕಡೆ ಒಮ್ಮೆ ನೋಡೋಣ. ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದು ಭತ್ತದ ಸೀಮೆಯಾದ ಈ ನಾಡಿನಲ್ಲಿ ಎರೆಭೂಮಿಯೇ ಹೆಚ್ಚು. ಮಳೆಯಲ್ಲಿ ಅದು ಅಂಟು. ಬೇಸಗೆಯಲ್ಲಿ ಬಿರುಕುಬಿಟ್ಟು ಇಟ್ಟಿಗೆಯಂತಾಗುವ ನೆಲ. ಹೀಗಾಗಿ ಮಕ್ಕಳು ಕಾಲುವೆಯ ಏರಿಯ ಮೇಲೆ ಓಡುತ್ತಾರೆ. ಜಾಗ ಒಳ್ಳೆಯದೇ, ನೆರಳೂ ಅಲ್ಲಲ್ಲಿ ಉಂಟು. ಆದರೆ ಏರಿ ಒಂದು ಬದಿಗೆ ವಾಲಿದ್ದರೆ, ನಿತ್ಯವೂ ಒಂದೇ ದಿಕ್ಕಿನಲ್ಲಿ ಓಡುವವನ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಸೊಂಟವೂ ಮೊಣಕಾಲೂ ಅದರ ಸುಂಕ ತೆರುತ್ತವೆ. ಮೈದಾನದ ಸುತ್ತು ಯಾವಾಗಲೂ ಎಡಕ್ಕೇ ತಿರುಗುವುದರಿಂದ ಅಲ್ಲಿಯೂ ಇದೇ ಕಥೆ. ನಿಧಾನದ ಓಟಗಳಲ್ಲಿ ದಿಕ್ಕು ಬದಲಿಸಲು ಹೇಳುವುದಕ್ಕೆ ಕಾಸು ಖರ್ಚಿಲ್ಲ. ಕುರುಗೋಡಿನ ಕಲ್ಲುಗುಡ್ಡಗಳ ಪಕ್ಕದ ಹುಡುಗರಿಗೆ ಬೇರೆ ತೊಂದರೆ. ಇಳಿಜಾರಿನಲ್ಲಿ ಜೋರಾಗಿ ಇಳಿಯುವುದು ಅವರಿಗೆ ಆಟ. ಮಂಡಿಗೆ ಮಾತ್ರ ಆಟವಲ್ಲ. ಏರನ್ನು ಓಡಿಸಿ ಇಳಿತವನ್ನು ನಡೆಸಿಕೊಂಡು ಬರುವ ಮೇಷ್ಟರು ಬುದ್ಧಿವಂತರು.

ಶರವೇಗದ ಓಟಗಾರರನ್ನು ಹೆಚ್ಚಾಗಿ ಕೆಡವುವುದು ತೊಡೆಯ ಹಿಂಭಾಗದ ಸ್ನಾಯು. ಮುಂದೆ ಚಾಚಿದ ಕಾಲು ನೆಲ ಮುಟ್ಟುವ ತುಸು ಮೊದಲು, ಅದು ಉದ್ದವಾಗುತ್ತಲೇ ಕಾಲನ್ನು ತಡೆದು ಹಿಡಿಯಬೇಕಾಗುತ್ತದೆ. ಹರಿಯುವುದು ಸಾಮಾನ್ಯವಾಗಿ ಆ ಕ್ಷಣದಲ್ಲಿ. ಇದಕ್ಕೊಂದು ಸರಳ ಸಾಧನೆಯಿದೆ. ಹುಡುಗ ಮೊಣಕಾಲೂರಿ ಕೂರಬೇಕು, ಗೆಳೆಯನೊಬ್ಬ ಹಿಮ್ಮಡಿಗಳನ್ನು ಒತ್ತಿ ಹಿಡಿಯಬೇಕು, ಬೆನ್ನು ಬಾಗಿಸದೆ ಮೆಲ್ಲಮೆಲ್ಲನೆ ಮುಂದಕ್ಕೆ ಬೀಳುತ್ತ ಸಾಧ್ಯವಾದಷ್ಟು ಹೊತ್ತು ತಡೆಯಬೇಕು. ಕಾಲ್ಚೆಂಡಿನ ಆಟಗಾರರ ಮೇಲೆ ನಡೆದ ಪರೀಕ್ಷೆಗಳಲ್ಲಿ ಇದರಿಂದ ಈ ಬಗೆಯ ಗಾಯಗಳು ಸುಮಾರು ಅರ್ಧಕ್ಕೆ ಇಳಿದುದು ಕಂಡುಬಂದಿದೆ. ಯಂತ್ರ ಬೇಡ, ಹಣ ಬೇಡ. ಒಂದು ಚಾಪೆ ಸಾಕು. ಆದರೂ ಒಮ್ಮೆ ಹರಿದ ಸ್ನಾಯು ಮತ್ತೊಮ್ಮೆ ಹರಿಯುವ ಸಂಭವ ಹೆಚ್ಚು. ಯಾವ ಮಗುವಿಗೆ ಯಾವಾಗ ಏನಾಗಿತ್ತೆಂಬುದನ್ನು ಬರೆದಿಡದ ಮೇಷ್ಟರು ಇದನ್ನು ತಿಳಿಯುವುದು ಹೇಗೆ?

ಇದೇ ಜಿಲ್ಲೆಯ ತೋರಣಗಲ್ಲಿನ ಬಳಿ, ವಿಜಯನಗರದಲ್ಲಿ, 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಸಂಸ್ಥೆ ಆರಂಭವಾಯಿತು. ಭರ್ಜಿ ಎಸೆತದ ನೀರಜ್ ಚೋಪ್ರಾ 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತರುವಾಯ ಚೇತರಿಕೆಯ ಕಾಲದ ಒಂದು ಭಾಗವನ್ನು ಕಳೆದದ್ದು ಇಲ್ಲಿಯೇ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಅವರ ಕೈತಪ್ಪಿತು. ಅಕ್ಟೋಬರದಲ್ಲಿ ರಾಂಚಿಯ ರಾಷ್ಟ್ರೀಯ ಕೂಟದಲ್ಲಿ ಎಸೆಯಲು ಅವರು ಸಿದ್ಧರಾಗಿದ್ದಾಗ ಅಥ್ಲೆಟಿಕ್ಸ್ ಫೆಡರೇಶನ್ ಅವರನ್ನು ತಡೆಯಿತು. ಬಳಿಕ ಜರ್ಮನಿಯ ಕ್ಲೌಸ್ ಬಾರ್ಟೊನೀಟ್ಜ್ ಅವರಲ್ಲಿ ಸಾಧನೆ ಮುಂದುವರಿಸಿ, 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ 87.86 ಮೀಟರು ಎಸೆದು ಒಲಿಂಪಿಕ್ಸಿಗೆ ಅರ್ಹರಾದರು. 2021ರ ಟೋಕಿಯೊ ಸುವರ್ಣ ಪದಕವನ್ನು ಎಲ್ಲರೂ ಬಲ್ಲರು. ಆ ರಾಂಚಿಯ ತಡೆಯನ್ನು ನೆನೆಯುವವರು ಎಷ್ಟು ಮಂದಿ? ಇದಕ್ಕೆ ಎದುರಾಗಿ 2008ರ ಬೀಜಿಂಗನ್ನು ನೆನೆಯಬಹುದು. ಇಡೀ ಚೀನಾ ಕಣ್ಣಿಟ್ಟಿದ್ದ ಹರ್ಡಲ್ಸ್ ಓಟಗಾರ ಲಿಯು ಶಿಯಾಂಗ್ ಹಿಮ್ಮಡಿಯ ನೋವಿನಿಂದ ಒಂದು ಅಡೆಯನ್ನೂ ದಾಟದೆ ಮೈದಾನ ಬಿಟ್ಟು ನಡೆದಾಗ, ಪತ್ರಕರ್ತರ ಮುಂದೆ ಅತ್ತವರು ಅವರ ಗುರು ಸುನ್ ಹೈಪಿಂಗ್.

ದೊಡ್ಡ ಸಂಸ್ಥೆಯ ಅನುಕೂಲಗಳು ನಮ್ಮ ಹಳ್ಳಿಯ ಪ್ರೌಢಶಾಲೆಗಳಿಗೆ ಎಲ್ಲಿಂದ ಬರಬೇಕು? ಒಬ್ಬರೇ ಮೇಷ್ಟರು, ನೂರಾರು ಮಕ್ಕಳು, ಒಂದು ಸೀಟಿ. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ನಾವು ತೋರುವ ಅಲಕ್ಷ್ಯಕ್ಕೆ ಬಡತನವೊಂದೇ ಕಾರಣವೆನ್ನಲಾರೆ. ಬೆಳಗಿನ ತಿಂಡಿಯಿಲ್ಲದೆ ಓಡುವ, ರಕ್ತಹೀನತೆಯಿಂದ ಬಳಲುವ ಹುಡುಗಿಗೆ “ಇನ್ನೂ ಹಗುರಾಗು” ಎಂದು ಹೇಳುವವರನ್ನು ಕೇಳಿದ್ದೇನೆ. ಸಾಧನೆಗೆ ತಕ್ಕಷ್ಟು ಅನ್ನ ಸಿಗದಾಗ ಅವಳ ಮಾಸಿಕ ಋತು ನಿಂತುಹೋಗಬಹುದು, ಎಲುಬು ಸತ್ವಗುಂದುತ್ತದೆ. ಮುಂದಿನ ಬಿರುಕಿಗೆ ಅದು ಮುನ್ಸೂಚನೆ. ಗಂಡಸರಾದ ಮೇಷ್ಟರು ಇದನ್ನು ಕೇಳಲು ಸಂಕೋಚಪಡುವುದು ಸಹಜ. ಶಾಲೆಯ ಒಬ್ಬ ಅಧ್ಯಾಪಿಕೆಯನ್ನು ಜೊತೆಗಿರಿಸಿಕೊಳ್ಳುವುದಕ್ಕೆ ಏನು ಅಡ್ಡಿ?

ಬಿಸಿಲಿನ ಮಾತಿನಿಂದ ಆರಂಭಿಸಿದೆ. ಅದನ್ನು ಪೂರ್ತಿ ಮಾಡಬೇಕು. ದೇಹ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಓಡುತ್ತಿದ್ದ ಮಗು ತೊದಲತೊಡಗಿದರೆ, ತೂರಾಡಿದರೆ, ಅದನ್ನು ಬರಿಯ ಆಯಾಸವೆಂದು ಗಾಳಿ ಬೀಸುತ್ತ ಕೂರುವಂತಿಲ್ಲ. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ತಲೆಯನ್ನು ಎತ್ತಿ ಹಿಡಿದು, ಮೈ ತಂಪಾದ ಮೇಲೆ ಆಸ್ಪತ್ರೆಗೆ ಒಯ್ಯಬೇಕು. ತೊಟ್ಟಿಯಿಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿಯುತ್ತಲೇ ಇರಬೇಕು.

ಕೆಲವು ತಿಂಗಳ ಹಿಂದೆ ಸಿರುಗುಪ್ಪದ ಬಳಿ ಒಬ್ಬ ಮೇಷ್ಟರನ್ನು ಕಂಡೆ. ಕೈಯಲ್ಲಿ ಹಳೆಯ ಹಾಜರಿ ಪುಸ್ತಕ. ಹೆಸರುಗಳ ಮುಂದೆ ಯಾರು ಎಷ್ಟು ಸುತ್ತು ಓಡಿದರು, ರಾತ್ರಿ ಎಷ್ಟು ಹೊತ್ತು ಮಲಗಿದರು, ಎಲ್ಲಿ ನೋವು ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿಯೊಬ್ಬಳು ಅಂದು ಬೇವಿನ ಮರದಡಿ ಕುಳಿತು ಮಿಕ್ಕವರ ಹೊತ್ತನ್ನು ಗಡಿಯಾರದಲ್ಲಿ ಅಳೆಯುತ್ತಿದ್ದಳು. ಕೂಟಕ್ಕೆ ಒಂಬತ್ತು ದಿನವಷ್ಟೇ ಉಳಿದಿತ್ತು. ಊರಿನವರು ಬಂದು ಜಗಳವಾಡಿ ಹೋಗಿದ್ದರಂತೆ. “ಬೆರಳಿನಲ್ಲಿ ತೋರಿಸಿದಳು ಸ್ವಾಮಿ” ಎಂದರು ಮೇಷ್ಟರು, ಪುಸ್ತಕದಿಂದ ತಲೆಯೆತ್ತದೆ.