ಎತ್ತರಕ್ಕಿಂತ ಮೊದಲು ಗಾಳಿ

ರಾಮದುರ್ಗ ತಾಲ್ಲೂಕಿನ ಸುರೇಬಾನದ ಓದುಗರೊಬ್ಬರ ಪ್ರಶ್ನೆ ಇದು. ಹಳೆಯ ಮಾರುತಿ ಜಿಪ್ಸಿ ಕೊಂಡಾಗಿದೆ. ಮಳೆ ಬಿದ್ದ ಮರುದಿನವೂ ಹೊಲದವರೆಗೆ ಹೋಗಬೇಕು, ಬಿಡುವಾದಾಗ ಶಬರಿಕೊಳ್ಳದ ಕಡೆಯ ಕಲ್ಲುದಾರಿಗಳಲ್ಲೂ ಓಡಾಡಬೇಕು. ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿದೆ, ಮೊದಲು ಏನು ಮಾಡಿಸುವುದು? ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಪಾಟಾ, ಅಂದರೆ ಲೀಫ್ ಸ್ಪ್ರಿಂಗ್, ಬದಲಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಿ, ಮುಂದೆ ದಪ್ಪನೆಯ ಕಬ್ಬಿಣದ ಬಂಪರ್ ಹಾಕಿಸಿ. ಫೋಟೋದಲ್ಲಿ ಅಂಥ ಗಾಡಿ ಗಟ್ಟಿಮುಟ್ಟಾಗಿ ಕಾಣುತ್ತದೆ, ನಿಜ. ಆದರೆ ರಾಮದುರ್ಗ ತಾಲ್ಲೂಕಿನ ಮಣ್ಣನ್ನು ಕೇಳಿದರೆ ಅದು ಬೇರೆಯದೇ ಉತ್ತರ ಕೊಡುತ್ತದೆ.

ಇಲ್ಲಿನ ನೆಲ ಎರಡು ಬಗೆಯದು. ಮಲಪ್ರಭೆಯ ಬಯಲಿನಲ್ಲಿ ಕಪ್ಪು ಎರಿ. ಗುಡ್ಡಗಳ ಕಡೆಗೆ ಹೊರಳಿದರೆ ಕಲಾದಗಿ ಶಿಲಾಸಮೂಹದ ಮರಳುಗಲ್ಲು, ಅದರ ಬುಡದಲ್ಲಿ ಹರಳು ಬೆರೆತ ಮಸಾರಿ. ಬೇಸಿಗೆಯಲ್ಲಿ ಎರಡೂ ಕಡೆ ಸೈಕಲ್ಲೂ ಓಡುತ್ತದೆ. ಒಂದು ದೊಡ್ಡ ಮಳೆ ಬಿದ್ದರೆ ಮಸಾರಿಯಲ್ಲಿ ಚಕ್ಕಡಿ ಮರುದಿನವೇ ಹೊರಡುತ್ತದೆ. ಎರಿಯಲ್ಲಿ ಕಾಲಿಟ್ಟವರ ಚಪ್ಪಲಿ ಅಲ್ಲೇ ಉಳಿಯುತ್ತದೆ. ಇದು ರೈತರಿಗೆ ಹೊಸ ಸುದ್ದಿಯಲ್ಲ. ಆದರೆ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದವರ ಕಥೆ ಸೊಗಸಾಗಿದೆ, ಗಾಡಿಗೆ ಎಲ್ಲಿ ದುಡ್ಡು ಹಾಕಬೇಕೆಂಬ ಉತ್ತರವೂ ಅದರಲ್ಲೇ ಇದೆ.

ಶಾರ್ಲ್ ಕೂಲಾಂ ಹೆಸರನ್ನು ವಿದ್ಯುದಾವೇಶದ ನಿಯಮದಿಂದಾಗಿ ಶಾಲೆಯ ಮಕ್ಕಳೂ ಬಲ್ಲರು. ವಿದ್ಯುತ್ತಿಗೆ ಕೈಹಚ್ಚುವ ಮೊದಲು ಆತ ಫ್ರೆಂಚ್ ಸೈನ್ಯದ ಎಂಜಿನಿಯರ್. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಎಂಟು ವರ್ಷ ಕೋಟೆ ಕಟ್ಟಿಸಿದ. ಮಣ್ಣು ಒತ್ತಿದಾಗ ಗೋಡೆ ಏಕೆ ಉರುಳುತ್ತದೆ, ಯಾವ ಗಳಿಗೆಯಲ್ಲಿ ಮಣ್ಣು ಜಾರುತ್ತದೆ ಎಂಬ ಚಿಂತೆ ಅಲ್ಲೇ ಬೆನ್ನು ಹತ್ತಿತು. 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಅದನ್ನು ಮಂಡಿಸಿದ. ಆತನ ಮಾತಿನ ತಿರುಳು ಇಷ್ಟು: ಮಣ್ಣು ಜಾರದಂತೆ ತಡೆಯುವ ಬಲ ಎರಡು ಮೂಲಗಳಿಂದ ಬರುತ್ತದೆ. ಒಂದು, ಕಣಕ್ಕೆ ಕಣ ಅಂಟಿಕೊಂಡಿರುವ ಬಲ. ಇನ್ನೊಂದು, ಕಣಕ್ಕೆ ಕಣ ತಿಕ್ಕುವ ಬಲ. ತಿಕ್ಕಾಟ ಮೇಲಿನ ಭಾರ ಹೆಚ್ಚಿದಷ್ಟೂ ಹೆಚ್ಚುತ್ತದೆ. ಅಂಟು ಭಾರವನ್ನು ನೋಡುವುದಿಲ್ಲ, ಎಷ್ಟು ಜಾಗ ಹಿಡಿದಿದೆ ಎಂಬುದನ್ನಷ್ಟೇ ನೋಡುತ್ತದೆ.

ಇದನ್ನು ಗಾಲಿಯ ಕೆಳಗೆ ಇಟ್ಟು ನೋಡಬೇಕು. ಮಸಾರಿ, ಮರಳು, ಗರಸು ತಿಕ್ಕಾಟದ ನೆಲ. ಅಲ್ಲಿ ಗಾಡಿ ಭಾರವಾದಷ್ಟೂ ಹಿಡಿತ ಹೆಚ್ಚು. ನೆನೆದ ಎರಿ ಅಂಟಿನ ನೆಲ. ಅದರ ಜೇಡಿಕಣಗಳು ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲಿಗಿಂತ ಸಣ್ಣವು, ಹಾಳೆಯ ಮೇಲೆ ಹಾಳೆ ಜೋಡಿಸಿದಂಥ ರಚನೆ. ನೀರು ಆ ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ. ಹಾಗೆ ನೀರು ಕುಡಿದ ಜೇಡಿಯನ್ನು ಗಾಲಿ ತಟ್ಟನೆ ಒತ್ತಿದಾಗ ನೀರಿಗೆ ಹೊರಹೋಗಲು ಸಮಯವಿಲ್ಲ, ಭಾರವನ್ನೆಲ್ಲ ನೀರೇ ಹೊರುತ್ತದೆ. ಕಣಗಳ ನಡುವಿನ ತಿಕ್ಕಾಟ ಬೆಳೆಯುವುದೇ ಇಲ್ಲ. ಹಿಡಿತಕ್ಕೆ ಉಳಿಯುವುದು ಅಂಟು ಮಾತ್ರ. ಅಂದರೆ ಎರಿಯಲ್ಲಿ ಗಾಡಿಗೆ ಭಾರ ಹೇರಿದರೆ ಅದು ಹೆಚ್ಚು ಹುಗಿಯುತ್ತದೆಯೇ ಹೊರತು ಹೆಚ್ಚು ಹಿಡಿಯುವುದಿಲ್ಲ. ಕಬ್ಬಿಣದ ಬಂಪರ್, ವಿಂಚ್, ಚಾವಣಿಯ ಮೇಲಿನ ಕ್ಯಾರಿಯರ್ ಇವೆಲ್ಲ ಈ ನೆಲದಲ್ಲಿ ಹೊರೆಯೇ. ಬೇಕಾದದ್ದು ಜಾಗ: ಗಾಲಿ ನೆಲವನ್ನು ಮುಟ್ಟುವ ಜಾಗ.

ಕೂಲಾಂನ ಗೋಡೆಗಳಿಂದ ಗಾಲಿಗೆ ಬರಲು ಸುಮಾರು ಇನ್ನೂರು ವರ್ಷ ಬೇಕಾಯಿತು. ಪೋಲೆಂಡಿನಲ್ಲಿ ಹುಟ್ಟಿ, ಕೆನಡಾ ದಾಟಿ ಅಮೆರಿಕ ಸೇರಿದ ಮಿಯೆಚಿಸ್ವಾಫ್ ಬೆಕ್ಕರ್ 1956ರಲ್ಲಿ ಮಣ್ಣು ಮತ್ತು ಗಾಲಿಯ ಸಂಬಂಧದ ಮೇಲೆ ದೊಡ್ಡ ಪುಸ್ತಕ ಬರೆದು ಒಂದು ಹೊಸ ಶಾಸ್ತ್ರವನ್ನೇ ನಿಲ್ಲಿಸಿದರು. ಅದರ ಫಲ 1971ರಲ್ಲಿ ಅಪೊಲೊ 15ರ ಜೊತೆ ಚಂದ್ರನ ಮೇಲಿಳಿದ ಗಾಡಿಯಲ್ಲಿ ಕಂಡಿತು. ಅದರ ಗಾಲಿಗೆ ರಬ್ಬರಿಲ್ಲ, ಗಾಳಿಯಿಲ್ಲ. ಉಕ್ಕಿನ ತಂತಿಯಿಂದ ನೇಯ್ದ ಬಲೆ ಅದು. ಭಾರ ಬಿದ್ದಾಗ ಬಲೆ ತಗ್ಗಿ ಚಪ್ಪಟೆಯಾಗಿ, ಚಂದ್ರನ ಹಿಟ್ಟಿನಂಥ ಧೂಳಿನ ಮೇಲೆ ಅಗಲವಾಗಿ ಕೂರುತ್ತಿತ್ತು. ಕೈಮಗ್ಗದ ಸದ್ದು ಕೇಳಿ ಬೆಳೆದ ಊರಿನವರಿಗೆ ನೇಯ್ದ ಗಾಲಿಯ ಕಲ್ಪನೆ ಬೇಗ ಹಿಡಿಸೀತು.

ಚಂದ್ರನವರೆಗೆ ಹೋಗದೆಯೂ ಅದೇ ಪಾಠ ಕಣ್ಣೆದುರಿಗಿದೆ. ಕಬ್ಬಿಣದ ಹಳಿ ಬಡಿದ ಕಟ್ಟಿಗೆಯ ಗಾಲಿಯ ಚಕ್ಕಡಿ ಹಸಿ ಎರಿಯಲ್ಲಿ ಅಚ್ಚಿನವರೆಗೆ ಇಳಿಯುತ್ತಿತ್ತು. ಟೈರಿನ ಗಾಡಿ ಬಂದಾಗ ಎತ್ತುಗಳು ಅವೇ, ಹೊರೆಯೂ ಅದೇ, ಆದರೆ ಎಳೆತ ಹಗುರಾಯಿತು. ಗಾಳಿ ತುಂಬಿದ ಟೈರು ನೆಲವನ್ನು ಎಷ್ಟು ಒತ್ತುತ್ತದೆ ಎಂಬುದಕ್ಕೆ ಸುಲಭದ ಲೆಕ್ಕವಿದೆ: ಒಳಗಿನ ಗಾಳಿಯ ಒತ್ತಡ ಎಷ್ಟೋ, ನೆಲದ ಮೇಲಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಜಿಪ್ಸಿಯ ತೂಕ ಸುಮಾರು ಒಂದು ಟನ್, ಗಾಲಿಗೆ 250 ಕಿಲೊ. 28 ಪೌಂಡ್ ಗಾಳಿ ಇದ್ದಾಗ ಒಂದೊಂದು ಗಾಲಿ ಮುಟ್ಟುವ ಜಾಗ ಸುಮಾರು 127 ಚದರ ಸೆಂಟಿಮೀಟರ್, ಅಂಗೈಯಷ್ಟು. 15 ಪೌಂಡಿಗೆ ಇಳಿಸಿದರೆ ಅದೇ ಗಾಲಿ ಸುಮಾರು 237 ಚದರ ಸೆಂಟಿಮೀಟರ್ ಹಿಡಿಯುತ್ತದೆ. ಜಾಗ ದುಪ್ಪಟ್ಟಾದರೆ ಅಂಟಿನ ನೆಲದಲ್ಲಿ ಹಿಡಿತವೂ ದುಪ್ಪಟ್ಟಿನ ಹತ್ತಿರ. ಖರ್ಚು? ಒಂದು ಗಾಳಿ ಅಳೆಯುವ ಗೇಜು, ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಕಂಪ್ರೆಸರ್. ಎರಡಿಂಚು ಎತ್ತರಿಸುವ ಖರ್ಚಿನಲ್ಲಿ ಇದು ಚಿಲ್ಲರೆ.

ಆದರೆ ಎತ್ತರ ಬೇಡವೇ? ಬೇಕು, ಯಾವ ಎತ್ತರ ಎಂಬುದು ಮುಖ್ಯ. ಜಿಪ್ಸಿಯ ನಾಲ್ಕೂ ಮೂಲೆಗೆ ಪಾಟಾ, ಹಿಂದೆ ಮುಂದೆ ಇಡಿಯಾದ ಅಚ್ಚು. ಪಾಟಾ ಎತ್ತರಿಸಿದರೆ ಮೇಲೇಳುವುದು ಚಾಸಿ ಮತ್ತು ಕವಚ ಮಾತ್ರ. ಹೊಲದ ಗಾಲಿಜಾಡುಗಳ ನಡುವಿನ ದಿಬ್ಬಕ್ಕೆ ಮೊದಲು ತಾಗುವುದು ಅಚ್ಚಿನ ನಡುವಿನ ಉಬ್ಬು, ಡಿಫರೆನ್ಷಿಯಲ್. ಅದು ಇದ್ದಲ್ಲಿಂದ ಒಂದು ನೂಲೂ ಏಳುವುದಿಲ್ಲ. ಅದನ್ನು ಎತ್ತುವ ದಾರಿ ದೊಡ್ಡ ಟೈರು ಒಂದೇ. ಜಿಪ್ಸಿಯ 205/70 ಆರ್15 ಟೈರಿನ ಎತ್ತರ 668 ಮಿಲಿಮೀಟರ್. 215/75 ಆರ್15 ಹಾಕಿದರೆ 703, ಮಾಲೀಕರು ಬಹಳ ಇಷ್ಟಪಡುವ 235/75 ಆರ್15 ಆದರೆ 733. ಇದರಲ್ಲಿ ಅರ್ಧ ಮಾತ್ರ ಅಚ್ಚಿಗೆ ದಕ್ಕುತ್ತದೆ: ಮೊದಲನೆಯದರಿಂದ 18 ಮಿಲಿಮೀಟರ್, ಎರಡನೆಯದರಿಂದ 33. ಬದಲಿಗೆ ದೊಡ್ಡ ಟೈರು ಪ್ರತಿ ಗಿಯರನ್ನೂ ಉದ್ದ ಮಾಡುತ್ತದೆ. 235ರ ಟೈರಿನಲ್ಲಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 66ರಲ್ಲಿರುತ್ತದೆ, ಎಂಜಿನ್‌ ಎಳೆಯುವ ಬಲ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. 1985ರ ಕೊನೆಗೆ ಬಂದ ಮೊದಲ ಜಿಪ್ಸಿಯ ಎಂಜಿನ್ 970 ಸಿಸಿ, 1996ರ ಕಿಂಗ್ ಮಾದರಿಯದು 1.3 ಲೀಟರ್. ಹಳೆಯ 970 ಸಿಸಿ ಗಾಡಿಗೆ 235ರ ಟೈರು ಹೆಚ್ಚಿನ ಭಾರವೇ. ಹೊಲದ ಕೆಲಸಕ್ಕೆ, ಅಗಲ ಸಂದುಗಳ ಹಲ್ಲಿರುವ 215/75 ಸಾಕೆಂಬುದು ಈ ಲೇಖನದ ನಿಲುವು. ಸಂದು ಅಗಲವಿದ್ದರೆ ಗಾಲಿ ತಿರುಗುವಾಗ ಮಣ್ಣು ಸಿಡಿದು ಹೋಗುತ್ತದೆ. ಕಿರಿದಾದರೆ ಎರಿ ಹಲ್ಲಿನಲ್ಲೇ ಕೂತು ಟೈರು ನುಣ್ಣನೆಯ ಉರುಳೆಯಾಗುತ್ತದೆ.

ಮಲೆನಾಡಿನ ಅನುಭವವನ್ನು ಇಲ್ಲಿಗೆ ತರುವಾಗಲೂ ಇದೇ ಎಚ್ಚರ ಬೇಕು. ಕೊಡಚಾದ್ರಿಯ ಜೀಪುಗಳು, ಮಡಿಕೇರಿ ಸಮೀಪದ ಮಾಂದಲಪಟ್ಟಿಯ ಜೀಪುಗಳು ಮಳೆಯಲ್ಲೂ ಜನರನ್ನು ತುಂಬಿಕೊಂಡು ಏರುತ್ತವೆ. ಅಲ್ಲಿನ ದಾರಿ ಕಲ್ಲು, ಜಂಬಿಟ್ಟಿಗೆ, ಗರಸು. ಭಾರ ಹಿಡಿತಕ್ಕೆ ನೆರವಾಗುವ ನೆಲ. ಆ ಗಾಡಿಯನ್ನು ಹಾಗೇ ತಂದು ಮಲಪ್ರಭೆಯ ದಂಡೆಯ ಹೊಲಕ್ಕಿಳಿಸಿದರೆ ಅದು ನೂರು ಹೆಜ್ಜೆ ಹೋಗುವುದೂ ಕಷ್ಟ.

ಇನ್ನು ನಾಲ್ಕು ಗಾಲಿಗೆ ಶಕ್ತಿ ಇದ್ದೂ ಗಾಡಿ ನಿಂತುಬಿಡುವ ಒಗಟು. ಒಂದು ಹಿಂಗಾಲಿ ಕೆಸರಿನಲ್ಲಿ ಗಿರ್ರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಹಿಂಗಾಲಿ ಸುಮ್ಮನೆ ನಿಂತಿರುತ್ತದೆ. ಇದನ್ನು ತಿಳಿಯಲು ರಂಟೆ ಹೊಡೆಯುವ ಜೋಡೆತ್ತುಗಳನ್ನು ನೆನೆದರೆ ಸಾಕು. ನೊಗವನ್ನು ನಡುವೆ ಒಂದೇ ಕಡೆ ಈಸಿಗೆ ಕಟ್ಟಿರುತ್ತಾರೆ. ಎರಡೂ ಎತ್ತು ಸಮ ಎಳೆದರೆ ನೊಗ ನೇರ. ಒಂದು ಎತ್ತು ಜಾರಿ ಸೋತರೆ ನೊಗ ಅದರ ಕಡೆ ಹಿಂದಕ್ಕೆ ಹೊರಳುತ್ತದೆ. ಇನ್ನೊಂದು ಎಷ್ಟೇ ಜೋರಾಗಿದ್ದರೂ ಅದರ ಬಲ ನೊಗವನ್ನು ತಿರುಗಿಸುವುದರಲ್ಲೇ ಕಳೆಯುತ್ತದೆ. ಈಸಿಗೆ ಮುಟ್ಟುವುದು ಸೋತ ಎತ್ತಿನ ಎಳೆತದ ಎರಡರಷ್ಟು ಮಾತ್ರ. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಉಗಿಗಾಡಿಗೆಂದು ಪೇಟೆಂಟ್ ಪಡೆದ ಡಿಫರೆನ್ಷಿಯಲ್ ಹಲ್ಲುಗಾಲಿಗಳಲ್ಲಿ ಕಟ್ಟಿದ ನೊಗವೇ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಓಡಲಿ ಎಂಬುದು ಆತನ ಉದ್ದೇಶ, ಅದು ಇಂದಿಗೂ ಸೊಗಸಾಗಿ ನಡೆಯುತ್ತಿದೆ. ಲಾಕರ್ ಎಂಬ ಉಪಕರಣ ಮಾಡುವುದು ನೊಗ ಹೊರಳದಂತೆ ಬಿಗಿ ಹಿಡಿಯುವ ಕೆಲಸ. ಮಹೀಂದ್ರ ಥಾರ್‌ಗೆ 2015ರಲ್ಲಿ ಅಂಥದ್ದು ಬಂತು. ಜಿಪ್ಸಿಗೆ ಕಂಪನಿಯಿಂದ ಬರಲೇ ಇಲ್ಲ. ಹೊರಗಿನಿಂದ ಹಾಕಿಸುವುದು ದುಬಾರಿ. ಸೋತ ಗಾಲಿಗೆ ಹಿಡಿತ ಕೊಡುವುದು ಅಗ್ಗ, ಆ ಕೆಲಸವನ್ನೂ ಗಾಳಿ ಇಳಿಸಿದ ಟೈರೇ ಮಾಡುತ್ತದೆ.

ಹಳೆಯ ಗಾಡಿ ಕೊಂಡವರು ಟೈರಿಗಿಂತ ಮೊದಲು ನೋಡಲೇಬೇಕಾದ ಒಂದು ಸಂಗತಿ ಅಚ್ಚಿನೊಳಗಿನ ಎಣ್ಣೆ. ಡಿಫರೆನ್ಷಿಯಲ್ಲಿನ ಬೋಲ್ಟ್ ಬಿಚ್ಚಿದಾಗ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕಿದ್ದರೆ ಗಾಡಿ ನೀರು ಕುಡಿದಿದೆ. ಆಗಸ್ಟ್ 2019ರಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳು ಮುಳುಗಿದ್ದನ್ನು ಕಂಡ ಸೀಮೆಯಲ್ಲಿ ಈ ಪರೀಕ್ಷೆ ಬಿಡುವಂತಿಲ್ಲ. ನೆರೆಯೇ ಬರಬೇಕಿಲ್ಲ, ಒಂದು ಹಳ್ಳ ಸಾಕು. ಓಡಿ ಬಂದ ಅಚ್ಚು 80 ಡಿಗ್ರಿ ಕಾದಿರುತ್ತದೆ ಎನ್ನೋಣ. ತಣ್ಣನೆಯ ನೀರಿಗಿಳಿದು 30 ಡಿಗ್ರಿಗೆ ಬಂದರೆ ಒಳಗಿನ ಗಾಳಿಯ ಒತ್ತಡ ಸುಮಾರು ಶೇಕಡ 14ರಷ್ಟು ಕುಸಿಯುತ್ತದೆ. ಅದು ಒಂದು ಮೀಟರಿಗೂ ಹೆಚ್ಚು ಎತ್ತರಕ್ಕೆ ನೀರನ್ನು ಹೀರಬಲ್ಲ ಎಳೆತ. ಅಚ್ಚಿನ ಮೇಲಿನ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಕೆಸರಿನಿಂದ ಮುಚ್ಚಿದ್ದರೆ ಅಚ್ಚು ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರಿಗೆ ಒಂದು ರಬ್ಬರ್ ನಳಿಕೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಕೆಲಸ ಮುಗಿಯಿತು. ಇಡೀ ಗಾಡಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ನಷ್ಟ ತಪ್ಪಿಸುವ ಕೆಲಸ ಇನ್ನೊಂದಿಲ್ಲ.

ಕಾನೂನಿನ ಮಾತೂ ಇದೇ ದಿಕ್ಕಿಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಟೈರಿನ ಅಳತೆ ಬದಲಿಸುವ ಮುನ್ನವೂ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಗಾಳಿ ಇಳಿಸುವುದಕ್ಕೆ, ಎಣ್ಣೆ ಬದಲಿಸುವುದಕ್ಕೆ, ಉಸಿರುನಳಿಕೆ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಹೊಲದಿಂದ ಡಾಂಬರಿಗೆ ಬಂದ ಕೂಡಲೇ ಮಾತ್ರ ಗಾಡಿ ನಿಲ್ಲಿಸಬೇಕು. 15 ಪೌಂಡಿನ ಟೈರು ಗಟ್ಟಿ ರಸ್ತೆಯಲ್ಲಿ ಪ್ರತಿ ಸುತ್ತಿಗೂ ಪಕ್ಕೆ ಮಡಚಿ ಬಿಚ್ಚುತ್ತದೆ; ಆ ಮಡಚಾಟವೆಲ್ಲ ಕಾವಾಗಿ, ವೇಗ ಹೆಚ್ಚಿದರೆ ಟೈರಿನ ಪದರಗಳೇ ಬಿಟ್ಟುಕೊಳ್ಳಬಹುದು, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಕಂಪ್ರೆಸರ್ ಬ್ಯಾಟರಿಗೆ ಸಿಕ್ಕಿಸಿ, ನಾಲ್ಕೂ ಗಾಲಿ ಮತ್ತೆ 28ಕ್ಕೆ ಬರುವವರೆಗೆ ಹಲ್ಲಿನ ಸಂದಿಯ ಎರಿಯನ್ನು ಕಡ್ಡಿಯಿಂದ ಕೆರೆದು ಮುಗಿಸಿದರೆ ರಾಮದುರ್ಗದ ದಾರಿ ಹಿಡಿಯಬಹುದು.