ಗಸಗಸೆಯಷ್ಟು ಮೊಟ್ಟೆಯೊಳಗೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟಗಳನ್ನೂ ರೇಷ್ಮೆಹುಳು ಸಾಕುವ ಮನೆಗಳನ್ನೂ ನೀವು ಕಂಡಿರಬಹುದು. ಹುಳುವಿನ ಹಸಿವು, ಗೂಡಿನ ಬೆಲೆ, ಇವನ್ನು ಕುರಿತು ಅಲ್ಲಿ ದಿನವೂ ಮಾತು ನಡೆಯುತ್ತದೆ. ಆದರೆ ಹುಳು ಹೊರಬರುವ ಮುನ್ನ ಸುಮಾರು 10 ದಿನ ಮೊಟ್ಟೆಯೊಳಗೆ ನಡೆಯುವ ಕೆಲಸ ಯಾರ ಕಣ್ಣಿಗೂ ಬೀಳದು.

ಮೊಟ್ಟೆ ಗಸಗಸೆಯ ಕಾಳಿಗಿಂತ ತುಸುವೇ ದೊಡ್ಡದು. ಅದರ ತುಂಬ ಭ್ರೂಣಕ್ಕೆ ಆಹಾರವಾಗುವ ಭಂಡಾರ. ಮೊದಲಿಗಿದ್ದ ಒಂದು ಕೋಶಕೇಂದ್ರ ಎರಡಾಗಿ, ನಾಲ್ಕಾಗಿ, ನೂರಾರಾಗಿ ಒಡೆಯುತ್ತದೆ. ವಿಚಿತ್ರವೆಂದರೆ, ಆಗ ಅವುಗಳ ನಡುವೆ ಗೋಡೆಗಳೇ ಇರುವುದಿಲ್ಲ. ಬಹುಪಾಲು ಕೇಂದ್ರಗಳು ಭಂಡಾರದ ಮೂಲಕ ಸಾಗಿ ಮೊಟ್ಟೆಯ ಅಂಚನ್ನು ಸೇರಿದ ಮೇಲೆಯೇ ಪ್ರತಿಯೊಂದರ ಸುತ್ತಲೂ ಪೊರೆ ಮೂಡಿ, ಕೋಶಗಳ ಒಂದು ಪದರವಾಗುತ್ತದೆ.

ಬಳಿಕ ಕೆಲವು ಕೋಶಗಳು ಚಪ್ಪಟೆಯಾಗಿ ಹರಡಿ ಹೊರಪೊರೆಯಾಗುತ್ತವೆ. ಉಳಿದವು ಒತ್ತೊತ್ತಾಗಿ ಕಂಬಗಳಂತೆ ನಿಂತು ಭ್ರೂಣದ ಪಟ್ಟಿಯಾಗುತ್ತವೆ. ಆ ಪಟ್ಟಿಯ ನಡುವೆ ನೇಗಿಲ ಸಾಲಿನಂತಹ ತಗ್ಗು ಮೂಡುತ್ತದೆ. ಅದು ಮೂಡುವುದು ಹೇಗೆ? ಇಂತಹ ತಗ್ಗನ್ನು ವಿಜ್ಞಾನಿಗಳು ಹಣ್ಣಿನ ನೊಣದ ಭ್ರೂಣದಲ್ಲಿ ಕೂಲಂಕಷವಾಗಿ ಪರೀಕ್ಷಿಸಿದ್ದಾರೆ. ಕೋಶದ ಹೊರತುದಿಯಲ್ಲಿ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನುಗಳ ಎಳೆಗಳಿರುತ್ತವೆ. ನಮ್ಮ ಸ್ನಾಯುಗಳು ಕುಗ್ಗುವುದೂ ಇವುಗಳಿಂದಲೇ. ಈ ಎಳೆಗಳು ಬಿಗಿದಾಗ, ದಾರವೆಳೆದ ಸಂಚಿಯ ಬಾಯಿಯಂತೆ ಹೊರತುದಿ ಕಿರಿದಾಗುತ್ತದೆ. ಒಳತುದಿ ಅಗಲವಾಗಿಯೇ ಉಳಿಯುತ್ತದೆ. ಸಾಲುಗಟ್ಟಿ ನಿಂತ ಕೋಶಗಳೆಲ್ಲ ಹೀಗೆ ಬೆಣೆಯ ಆಕಾರ ತಾಳಿದರೆ ಪದರವು ಒಳಕ್ಕೆ ಬಾಗಲೇಬೇಕು. ಒಳಸರಿದ ಕೋಶಗಳಿಂದ ಸ್ನಾಯು ಮೊದಲಾದವು, ಹೊರಗುಳಿದವುಗಳಿಂದ ಚರ್ಮ ಮತ್ತು ನರಗಳು ರೂಪುಗೊಳ್ಳುತ್ತವೆ. ಮಾನವ ಭ್ರೂಣದಲ್ಲಿ ಮಿದುಳು, ಬೆನ್ನುಹುರಿಗಳಾಗುವ ಕೊಳವೆ ಮಡಿಚಿಕೊಳ್ಳುವಾಗಲೂ ಕೋಶಗಳು ಇದೇ ಉಪಾಯವನ್ನು ಬಳಸುತ್ತವೆ.

ರೇಷ್ಮೆಹುಳುವಿನ ಭ್ರೂಣ ಮೊದಲು ಹೊಟ್ಟೆಯನ್ನು ಹೊರಕ್ಕೆ ಮಾಡಿ ಬಾಗಿರುತ್ತದೆ. ನಡುಗಾಲದಲ್ಲಿ ಅದು ಇಡಿಯಾಗಿ ಹೊರಳಿ, ಕಾಲುಗಳನ್ನು ಒಳಕ್ಕೆ ಮಾಡಿಕೊಳ್ಳುತ್ತದೆ.

ಇದೆಲ್ಲ ಸರಿಯಾಗಿ ನಡೆಯಲು ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಬೇಸಗೆಯ ಬಿಸಿಲಿನಲ್ಲಿ ಮೊಟ್ಟೆಗಳನ್ನು ಸಾಗಿಸಿದರೆ ಭ್ರೂಣಗಳು ಸಾಯಬಹುದು. ಆದ್ದರಿಂದಲೇ ಅವನ್ನು ತಂಪು ಹೊತ್ತಿನಲ್ಲಿ ತರಬೇಕು. ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡರೆ ಅದು ಮರಿಯ ತಲೆ. ಇನ್ನೆರಡು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಆಗ ಮೊಟ್ಟೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿಡುತ್ತಾರೆ. ಕತ್ತಲೆಯಲ್ಲಿ ಮುಂದಾದವು ತಡೆಯುತ್ತವೆ, ಹಿಂದುಳಿದವು ಬೆಳೆದು ಸಮನಾಗುತ್ತವೆ. ಹೀಗೆ ಮಾಡದಿದ್ದರೆ ಹುಳುಗಳು ಬೇರೆ ಬೇರೆ ದಿನ ಹುಟ್ಟಿ, ಬೇರೆ ಬೇರೆ ದಿನ ಜ್ವರಕ್ಕೆ ಕೂರುತ್ತವೆ. ಸೊಪ್ಪೂ ಶ್ರಮವೂ ವ್ಯರ್ಥವಾಗುತ್ತವೆ. ಒಡೆಯುವ ದಿನ ಬೆಳಗ್ಗೆ ಕಾಗದ ಬಿಚ್ಚಿ ಬೆಳಕು ತಾಗಿಸಿದರೆ, ಕೆಲವೇ ಗಂಟೆಗಳಲ್ಲಿ ಮರಿಗಳು ಚಿಪ್ಪನ್ನು ಕಡಿದು ಹೊರಬಂದು ಎಳೆಯ ಸೊಪ್ಪನ್ನು ಅರಸತೊಡಗುತ್ತವೆ.